ಮಿನಿ ಟ್ರ್ಯಾಕ್ಟರ್ ಹಿಂದೆ ಮೊವರ್ ಕಟ್ಟಿ ಮೈದಾನದ ಹುಲ್ಲು ಕತ್ತರಿಸುವುದು ಹೇಗೆ?

ಶಾಲೆ-ಕಾಲೇಜುಗಳ ಮೈದಾನ ನೋಡಿಕೊಳ್ಳುವವರು, ರೆಸಾರ್ಟ್‌ನವರು, ಊರಾಚೆ ಫಾರ್ಮ್‌ಹೌಸ್ ಮಾಡಿಕೊಂಡವರು ಪದೇಪದೇ ಕೇಳುವ ಪ್ರಶ್ನೆ ಒಂದೇ. ಮೂರು-ನಾಲ್ಕು ಎಕರೆ ಹುಲ್ಲು ತಳ್ಳುವ ಮೊವರ್‌ಗೆ ಬಗ್ಗುತ್ತಿಲ್ಲ, ಇರುವ ಮಿನಿ ಟ್ರ್ಯಾಕ್ಟರ್‌ಗೇ ಏನಾದರೂ ಕಟ್ಟಿ ಎಳೆಯಬಹುದೇ? ಧಾರಾಳವಾಗಿ ಎಳೆಯಬಹುದು. ಹಾಗೆ ಕಟ್ಟಿದ ಮೇಲೂ ಎಷ್ಟೋ ಮೈದಾನಗಳಲ್ಲಿ ಮೊವರ್ ಮೂಲೆ ಸೇರಿ ತುಕ್ಕು ಹಿಡಿಯುತ್ತದೆ. ಕಾರಣ ಹೆಚ್ಚಾಗಿ ಒಂದೇ: ಮಳೆಗಾಲದಲ್ಲಿ ಮೂರು ವಾರ ಸುಮ್ಮನಿದ್ದು, ಹುಲ್ಲು ಮೊಣಕಾಲು ಮುಟ್ಟಿದ ಮೇಲೆ ಯಂತ್ರವನ್ನು ಹೊರಗೆ ತೆಗೆಯುತ್ತಾರೆ. ಎಳೆಯುವ ಮೊವರ್ ಇರುವುದು ಗಿಡ್ಡ ಹುಲ್ಲನ್ನು ಮತ್ತೆ ಮತ್ತೆ ಕತ್ತರಿಸಲಿಕ್ಕೆ. ಇದಕ್ಕೆ ಒಪ್ಪಿಗೆ ಇದ್ದರೆ ಮಾತ್ರ ಮುಂದಿನ ಖರ್ಚಿಗೆ ಕೈಹಾಕಿ.

ನಿಮಗೆ ಇದು ಬೇಕೇ?

ಲೆಕ್ಕ ಸುಲಭ. ಮೊವರ್ ಕತ್ತರಿಸುವ ಅಗಲವನ್ನು ಮೀಟರ್‌ನಲ್ಲಿ, ವೇಗವನ್ನು ಗಂಟೆಗೆ ಕಿ.ಮೀ.ನಲ್ಲಿ ತೆಗೆದುಕೊಂಡು ಗುಣಿಸಿ, 5ರಿಂದ ಭಾಗಿಸಿ. ತಿರುವು, ಒಂದರ ಮೇಲೊಂದು ಬರುವ ಪಟ್ಟೆ ಎಲ್ಲಕ್ಕೂ ಐದನೇ ಒಂದು ಪಾಲು ಕಳೆದು, ಗಂಟೆಗೆ ಎಷ್ಟು ಎಕರೆ ಆಗುತ್ತದೆ ಎಂಬ ಅಂದಾಜು ಸಿಗುತ್ತದೆ. 53 ಸೆಂ.ಮೀ. ಅಗಲದ ತಳ್ಳುವ ಮೊವರ್‌ನಲ್ಲಿ ಗಂಟೆಗೆ 3 ಕಿ.ಮೀ. ನಡೆದರೆ ಒಂದು ಎಕರೆಗೆ ಮೂರು ಗಂಟೆ ದಾಟುತ್ತದೆ. 2.1 ಮೀ. ಅಗಲದ ಎಳೆಯುವ ಮೊವರ್ ಗಂಟೆಗೆ 8 ಕಿ.ಮೀ. ವೇಗದಲ್ಲಿ ಸುಮಾರು 3.3 ಎಕರೆ ಮುಗಿಸುತ್ತದೆ. 65 ಮೀ. ತ್ರಿಜ್ಯದ ಕ್ರಿಕೆಟ್ ಮೈದಾನದ ವಿಸ್ತೀರ್ಣವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಒಂದು ಗಂಟೆಯ ಕೆಲಸ.

ಒಂದು ಎಕರೆಯ ಒಳಗಿನ ಜಾಗಕ್ಕೆ, ಅಥವಾ ಹತ್ತು ಹೆಜ್ಜೆಗೊಂದು ಮರ, ಬೆಂಚು, ಹೂವಿನ ಮಡಿ ಇರುವ ಪಾರ್ಕಿಗೆ ಇದು ಬೇಡ. ತಿರುಗಿಸುವುದರಲ್ಲೇ ಹೊತ್ತು ಹೋಗುತ್ತದೆ.

ಯಾವುದನ್ನು ಕಟ್ಟಬೇಕು?

ಎಳೆಯುವ ಮೊವರ್‌ನಲ್ಲಿ ಎರಡು ಜಾತಿ. ಮೊದಲನೆಯದು ಗ್ಯಾಂಗ್ ಮೊವರ್. ಮೂರು, ಐದು ಅಥವಾ ಏಳು ರೀಲ್ ಘಟಕಗಳನ್ನು ಒಂದೇ ಚೌಕಟ್ಟಿಗೆ ಜೋಡಿಸಿರುತ್ತಾರೆ. ರೀಲ್ ಎಂದರೆ ಸುರುಳಿ ಬ್ಲೇಡುಗಳ ಉರುಳೆ. ಅದರ ಕೆಳಗೆ ಅಲುಗಾಡದ ಒಂದು ಪಟ್ಟಿ ಬ್ಲೇಡ್ ಇರುತ್ತದೆ, ಅದನ್ನು ಇಲ್ಲಿ ಕೆಳಬ್ಲೇಡ್ ಎನ್ನೋಣ. ಎರಡರ ನಡುವೆ ಸಿಕ್ಕ ಹುಲ್ಲು ಕತ್ತರಿಗೆ ಸಿಕ್ಕ ಬಟ್ಟೆಯಂತೆ ನೀಟಾಗಿ ತುಂಡಾಗುತ್ತದೆ. ಹಳೆಯ, ಸರಳ ಮಾದರಿಗಳಿಗೆ ಎಂಜಿನ್ನೇ ಇಲ್ಲ. ಘಟಕದ ಚಕ್ರ ನೆಲದ ಮೇಲೆ ಉರುಳಿದಾಗ ಗೇರ್ ಮೂಲಕ ರೀಲ್ ತಿರುಗುತ್ತದೆ. ಮೂರು ಘಟಕದ ಗ್ಯಾಂಗ್ ಸುಮಾರು ಏಳು ಅಡಿ ಅಗಲ ಕತ್ತರಿಸುತ್ತದೆ. ಕ್ರಿಕೆಟ್ ಔಟ್‌ಫೀಲ್ಡ್, ಫುಟ್‌ಬಾಲ್ ಮೈದಾನ, ಗಾಲ್ಫ್ ಫೇರ್‌ವೇಗಳಿಗೆ ಇದೇ ಸರಿ.

ಎರಡನೆಯದು ಸ್ವಂತ ಎಂಜಿನ್ ಇರುವ ರೋಟರಿ ಮೊವರ್. ತಗಡಿನ ಮುಚ್ಚಳದ, ಅಂದರೆ ಡೆಕ್‌ನ ಕೆಳಗೆ ಎರಡು ಅಥವಾ ಮೂರು ಬ್ಲೇಡು ಫ್ಯಾನಿನ ಹಾಗೆ ಅಡ್ಡಡ್ಡ ತಿರುಗುತ್ತವೆ. ಅಗಲ ನಾಲ್ಕರಿಂದ ಐದೂವರೆ ಅಡಿ. ಟ್ರ್ಯಾಕ್ಟರ್ ಎಳೆದರೆ ಸಾಕು, ಪಿಟಿಒ (ಟ್ರ್ಯಾಕ್ಟರ್ ಎಂಜಿನ್ನಿನ ಬಲವನ್ನು ಹಿಂದಿನ ಯಂತ್ರಕ್ಕೆ ಕೊಡುವ ತಿರುಗುವ ಶಾಫ್ಟ್) ಬೇಕಿಲ್ಲ. ಜೀಪು ಅಥವಾ ಎಟಿವಿಯೂ ಎಳೆಯಬಹುದು. ಹುಲ್ಲು ಸ್ವಲ್ಪ ಉದ್ದ ಬೆಳೆದಿದ್ದರೂ, ನೆಲ ಸ್ವಲ್ಪ ಏರುತಗ್ಗಿದ್ದರೂ ಸಹಿಸಿಕೊಳ್ಳುತ್ತದೆ. ಆದರೆ 35 ಮಿ.ಮೀ.ಗಿಂತ ಕೆಳಗೆ ಇಳಿಸಿದರೆ ದಿಬ್ಬಗಳಲ್ಲಿ ಹುಲ್ಲಿನ ಬುಡವನ್ನೇ ಹೆರೆದುಬಿಡುತ್ತದೆ.

ಸ್ಲ್ಯಾಷರ್ ಬೇರೆಯೇ ವಸ್ತು. ಟ್ರ್ಯಾಕ್ಟರ್‌ನ ಹಿಂದಿನ ಮೂರು ಕೊಂಡಿಗೆ ಏರಿಸಿ ಪಿಟಿಒದಿಂದ ಓಡಿಸುವ ಅದು ತೋಟದ ಕಳೆ, ಪೊದೆಗೆ ಒಳ್ಳೆಯದು. ಲಾನ್ ಮೇಲೆ ಓಡಿಸಿದರೆ ಹರಿದ ಹುಲ್ಲು ಒಣಗಿ ಇಡೀ ಮೈದಾನ ಕಂದಾಗುತ್ತದೆ. ಕಾಡಾದ ಮೈದಾನವನ್ನು ಮೊದಲ ಸಲ ಸ್ವಚ್ಛ ಮಾಡಲು ಮಾತ್ರ ಬಾಡಿಗೆಗೆ ತನ್ನಿ.

ಕೈಯಲ್ಲಿರಬೇಕಾದದ್ದು

15ರಿಂದ 28 ಅಶ್ವಶಕ್ತಿಯ ಮಿನಿ ಟ್ರ್ಯಾಕ್ಟರ್, ಲಾಕ್ ಪಿನ್ ಸಮೇತ ಡ್ರಾಬಾರ್ (ಟ್ರ್ಯಾಕ್ಟರ್ ಹಿಂದೆ ಕೆಳಗಿರುವ, ಎಳೆಯಲು ಕಟ್ಟುವ ಪಟ್ಟಿ) ಪಿನ್, ಗ್ರೀಸ್ ಗನ್, ಸ್ಪ್ಯಾನರ್ ಸೆಟ್, ಒಂದು ಮೀಟರ್ ಉದ್ದದ ನೇರ ಕಬ್ಬಿಣದ ಪಟ್ಟಿ, ಸ್ಟೀಲ್ ಸ್ಕೇಲ್, ದಪ್ಪ ಚರ್ಮದ ಕೈಗವಸು, ಕಿವಿಗೆ ಇಯರ್ ಮಫ್, ಟೈರ್ ಗಾಳಿ ನೋಡುವ ಗೇಜ್, ಹಳೆಯ ದಿನಪತ್ರಿಕೆ. ಕೊನೆಯದು ತಮಾಷೆಗೆ ಬರೆದದ್ದಲ್ಲ, ಹಂತ 4 ನೋಡಿ.

ಹಂತ 1: ಹುಲ್ಲಿನ ಎತ್ತರ ಅಳೆಯಿರಿ

ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. 25 ಮಿ.ಮೀ. ಉಳಿಸಬೇಕೆಂದರೆ 38 ಮಿ.ಮೀ. ದಾಟುವ ಮೊದಲೇ ಕತ್ತರಿಸಿ. 40 ಉಳಿಸುವುದಾದರೆ 60ರ ಒಳಗೆ. ಇದಕ್ಕಿಂತ ಹೆಚ್ಚು ತೆಗೆದರೆ ಎಲೆ ಹೋಗಿ ಕಡ್ಡಿ ಉಳಿಯುತ್ತದೆ, ಬೇರು ಸೊರಗುತ್ತದೆ, ಆ ಜಾಗಕ್ಕೆ ಕಳೆ ಬರುತ್ತದೆ.

ನಮ್ಮ ಮೈದಾನಗಳಲ್ಲಿ ಇರುವುದು ಬಹುಪಾಲು ಗರಿಕೆ ಅಥವಾ ಅದರದ್ದೇ ಸುಧಾರಿತ ತಳಿ. ಕ್ರಿಕೆಟ್ ಔಟ್‌ಫೀಲ್ಡ್‌ಗೆ 12-18 ಮಿ.ಮೀ., ಫುಟ್‌ಬಾಲ್‌ಗೆ 25-30, ಓಡಾಡುವ ಲಾನ್‌ಗೆ 35-45 ಇಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಿಡ್ಡವಾಗಿ ಇಟ್ಟ ಗರಿಕೆಗೆ ವಾರಕ್ಕೆರಡು ಕಟಾವು ಬೇಕು. ಚಳಿಗಾಲದಲ್ಲಿ 10-15 ದಿನಕ್ಕೊಂದು ಸಾಕು.

ಹುಲ್ಲು ಈಗಾಗಲೇ ಒಂದು ಗೇಣು ಬೆಳೆದಿದೆಯೇ? ಗ್ಯಾಂಗ್ ಕಟ್ಟಲೇಬೇಡಿ. ರೀಲ್ ಉದ್ದ ಹುಲ್ಲನ್ನು ಒಳಗೆ ಎಳೆದುಕೊಳ್ಳುವ ಬದಲು ಮುಂದಕ್ಕೆ ಮಲಗಿಸುತ್ತದೆ, ಎರಡು ದಿನಕ್ಕೆ ಅದು ಮತ್ತೆ ಎದ್ದು ನಿಲ್ಲುತ್ತದೆ. ಮೊದಲು ಬ್ರಷ್ ಕಟರ್ ಅಥವಾ ಸ್ಲ್ಯಾಷರ್‌ನಲ್ಲಿ 10 ಸೆಂ.ಮೀ.ಗೆ ತಂದು, ಕೊಯ್ದದ್ದನ್ನು ಪೂರ್ತಿ ಬಾಚಿ ತೆಗೆಯಿರಿ. ಐದಾರು ದಿನ ಬಿಟ್ಟು ರೋಟರಿಯಲ್ಲಿ 70 ಮಿ.ಮೀ., ಮತ್ತೆ ಐದಾರು ದಿನಕ್ಕೆ 50. ಆಮೇಲೆ ಗ್ಯಾಂಗ್. ಆತುರಪಟ್ಟು ಒಂದೇ ದಿನ ಬುಡಕ್ಕೆ ಇಳಿಸಿದರೆ ಮೈದಾನ ಹಸಿರಾಗಲು ತಿಂಗಳು ಕಾಯಬೇಕಾದೀತು.

ಹಂತ 2: ಮೈದಾನವನ್ನು ನಡೆದು ನೋಡಿ

ಟ್ರ್ಯಾಕ್ಟರ್ ಮೇಲೆ ಕೂತು ನೋಡಿದರೆ ಏನೂ ಕಾಣುವುದಿಲ್ಲ. ಇಬ್ಬರು ಹತ್ತು ಹೆಜ್ಜೆ ಅಂತರದಲ್ಲಿ ಸಾಲು ಹಿಡಿದು ನಡೆಯಿರಿ. ನಮ್ಮ ಕಡೆ ಬ್ಲೇಡಿನ ಮೊದಲ ಶತ್ರು ಶಾಮಿಯಾನದ ಗೂಟ. ಕಾಲೇಜು ಡೇ ಮುಗಿಸಿ ಬಟ್ಟೆ-ಕಂಬ ಒಯ್ಯುವವರು ನೆಲದ ಮಟ್ಟಕ್ಕೆ ಹೊಡೆದ ಕಬ್ಬಿಣದ ಗೂಟವನ್ನು ಕೀಳದೆ ಹೋಗುತ್ತಾರೆ. ಗೂಟ ಅರ್ಧ ಬೆರಳು ಮೇಲಿದ್ದರೂ ಸಾಕು, ಕೆಳಬ್ಲೇಡ್ ಮುರಿಯುತ್ತದೆ. ಕಾರ್ಯಕ್ರಮ ನಡೆದ ಜಾಗದಲ್ಲಿ ಕಾಲಿನಿಂದ ಸವರಿಯೇ ನೋಡಬೇಕು.

ಆಮೇಲೆ ಸ್ಪ್ರಿಂಕ್ಲರ್ ತಲೆಗಳು, ಚೇಂಬರ್ ಮುಚ್ಚಳ, ವಾಲಿಬಾಲ್ ಕಂಬದ ಗುಂಡಿ, ಹೆಗ್ಗಣದ ಬಿಲ, ಗಾಳಿಪಟದ ದಾರ. ನೈಲಾನ್ ದಾರ ರೀಲಿನ ತುದಿಗೆ ಸುತ್ತಿಕೊಂಡರೆ ಸೀಲ್ ಕತ್ತರಿಸಿ ಬೇರಿಂಗ್ ಒಳಗೇ ಹೋಗುತ್ತದೆ, ಬಿಸಿಯಾಗಿ ಬೇರಿಂಗ್ ಹಿಡಿದ ಮೇಲೆಯೇ ನಿಮಗೆ ಗೊತ್ತಾಗುವುದು. ತೆಗೆಯಲಾಗದ ವಸ್ತುಗಳ ಪಕ್ಕ ಬಾವುಟದ ಕಡ್ಡಿ ಚುಚ್ಚಿ, ಸುತ್ತ ಒಂದು ಮೀಟರ್ ಬಿಡಿ. ಬೇಸಿಗೆಯಿಂದ ಮಳೆಗಾಲದ ನಡುವೆ ಟಿಟ್ಟಿಭ ಬಯಲಲ್ಲೇ, ನೆಲದ ಮೇಲೆ ಮೊಟ್ಟೆ ಇಡುತ್ತದೆ. ತಲೆ ಮೇಲೆ ಕೂಗುತ್ತ ಹಾರಾಡುತ್ತಿದ್ದರೆ ಹತ್ತಿರದಲ್ಲಿ ಗೂಡಿದೆ ಎಂದೇ ಅರ್ಥ. ಅಲ್ಲಿಗೂ ಒಂದು ಕಡ್ಡಿ ನೆಡಿ.

ಕ್ರಿಕೆಟ್ ಮೈದಾನವಾದರೆ ನಡುವಿನ ಪಿಚ್ ಚೌಕವನ್ನು ಹಗ್ಗ ಕಟ್ಟಿ ಬೇರ್ಪಡಿಸಿ. ಅದರೊಳಗೆ ಟ್ರ್ಯಾಕ್ಟರ್ ಟೈರೂ ಹೋಗಬಾರದು, ಗ್ಯಾಂಗೂ ಹೋಗಬಾರದು.

ನೆಲದ ತೇವಕ್ಕೆ ಪರೀಕ್ಷೆ ಹೀಗೆ: ಹಿಮ್ಮಡಿ ಊರಿ ಗಟ್ಟಿಯಾಗಿ ತಿರುಗಿಸಿ. ಗುಳಿ ಬಿದ್ದು ನೀರು ಜಿನುಗಿದರೆ ಅವತ್ತು ಕೆಲಸ ಬೇಡ. ಕೆಂಪು ಮಣ್ಣು ಮಳೆ ನಿಂತ ಮರುದಿನವೇ ಸಿದ್ಧವಾದೀತು, ಎರೆ ಮಣ್ಣು ಮೂರು-ನಾಲ್ಕು ದಿನ ಕಾಯಿಸುತ್ತದೆ. ಒದ್ದೆ ನೆಲದಲ್ಲಿ ಎಂಜಿನ್ ಇಲ್ಲದ ಗ್ಯಾಂಗಿನ ಚಕ್ರ ಉರುಳದೆ ಜಾರುತ್ತದೆ. ಚಕ್ರ ಜಾರಿದರೆ ರೀಲ್ ನಿಂತಂತೆಯೇ. ಬರೀ ಇಬ್ಬನಿ ಇದ್ದರೆ ಉದ್ದ ಹಗ್ಗವನ್ನು ಇಬ್ಬರು ಎರಡು ತುದಿ ಹಿಡಿದು ಹುಲ್ಲಿನ ಮೇಲೆ ಎಳೆದುಕೊಂಡು ಹೋಗಿ. ಹನಿ ಉದುರುತ್ತದೆ, ಅರ್ಧ ಗಂಟೆಯಲ್ಲಿ ಒಣಗುತ್ತದೆ.

ಹಂತ 3: ಟ್ರ್ಯಾಕ್ಟರ್ ಸಿದ್ಧ ಮಾಡಿ

ಉಳುಮೆಯ ಟೈರಿನ ಎತ್ತರದ ಹಲ್ಲು ಲಾನಿಗೆ ಆಗದು. ತಿರುವಿನಲ್ಲಿ ಹುಲ್ಲನ್ನು ಬುಡಸಮೇತ ಕೀಳುತ್ತದೆ. ಅಗಲವಾದ, ಹಲ್ಲು ಚಿಕ್ಕದಾದ ಟರ್ಫ್ ಟೈರ್ ಹಾಕಿಸುವುದು ಮೊವರ್‌ನಷ್ಟೇ ಮುಖ್ಯ ಎಂದೇ ನಮ್ಮ ಅಭಿಪ್ರಾಯ. ಸದ್ಯಕ್ಕೆ ಸಾಧ್ಯವಿಲ್ಲದಿದ್ದರೆ ಒಣ ನೆಲದಲ್ಲಿ ಮಾತ್ರ, ಅಗಲ ತಿರುವು ತೆಗೆದುಕೊಂಡು ಓಡಿಸಿ. ಗಾಳಿಯನ್ನು ಟೈರ್ ತಯಾರಕರು ಹೇಳಿದ ಕನಿಷ್ಠ ಮಟ್ಟಕ್ಕೆ ಇಳಿಸಿ, ಎಡ-ಬಲ ಎರಡೂ ಸಮನಾಗಿರಲಿ. ರೋಟವೇಟರ್, ಮುಂದಿನ ತೂಕದ ಬಿಲ್ಲೆ ಇತ್ಯಾದಿ ಬೇಡದ ಭಾರ ಇಳಿಸಿ.

ಮೊವರ್ ಕೊಂಡಿಯನ್ನು ಕೆಳಗಿನ ಡ್ರಾಬಾರ್‌ಗೇ ಸಿಕ್ಕಿಸಿ. ಹಿಂದಿನ ಮೂರು ಕೊಂಡಿಗಳಲ್ಲಿ ಮೇಲಿನದು ಸೇರುವ ಟಾಪ್ ಲಿಂಕ್ ಬ್ರಾಕೆಟ್‌ಗೆ ಕಟ್ಟಿ ಎಳೆದರೆ ಟ್ರ್ಯಾಕ್ಟರ್ ಮುಂಭಾಗ ಎದ್ದು ಹಿಂದಕ್ಕೆ ಮಗುಚುವ ಅಪಾಯವಿದೆ. ಪಿನ್ನಿಗೆ ಲಾಕ್ ಹಾಕಿದ ಮೇಲೆ ಕೈಯಲ್ಲಿ ಒಮ್ಮೆ ಎಳೆದು ನೋಡಿ. ಮೊಳೆ ಬಗ್ಗಿಸಿ ಲಾಕ್ ಪಿನ್ ಮಾಡಿಕೊಳ್ಳುವ ಅಭ್ಯಾಸ ಬಿಡಿ.

ಹಂತ 4: ಬ್ಲೇಡ್ ಹೊಂದಿಸಿ

ಕಟಾವಿನ ಗುಣ ನಿರ್ಧಾರವಾಗುವುದು ಇಲ್ಲೇ. ಶೆಡ್ಡಿನಲ್ಲಿ ಕಳೆಯುವ ಅರ್ಧ ಗಂಟೆಗೆ ಜಿಪುಣತನ ಬೇಡ.

ಮೊದಲು ಎಚ್ಚರಿಕೆ. ಎಂಜಿನ್ ಇಲ್ಲದ ಗ್ಯಾಂಗ್ ನಿರಪಾಯ ಎಂದುಕೊಳ್ಳಬೇಡಿ. ಚಕ್ರ ಅಂಗೈಯಗಲ ಉರುಳಿದರೂ ರೀಲ್ ತಿರುಗುತ್ತದೆ, ಬೆರಳು ಹೋಗುತ್ತದೆ. ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ರೀಲಿನ ಕ್ಲಚ್ (ಚಕ್ರಕ್ಕೂ ರೀಲಿಗೂ ಇರುವ ಜೋಡಣೆ) ಬಿಡಿಸಿ, ಕೈಗವಸು ಹಾಕಿ ಮುಟ್ಟಿ.

ಗ್ಯಾಂಗ್‌ಗೆ ಕಾಗದ ಪರೀಕ್ಷೆ: ದಿನಪತ್ರಿಕೆಯಿಂದ ಎರಡು ಬೆರಳಗಲದ ಪಟ್ಟಿ ಹರಿದುಕೊಳ್ಳಿ. ಅದರ ತುದಿಯನ್ನು ಕೆಳಬ್ಲೇಡಿನ ಅಂಚಿನ ಮೇಲೆ ನೇರ ಹಿಡಿದು, ಇನ್ನೊಂದು ಕೈಯಲ್ಲಿ ರೀಲನ್ನು ಬೆನ್ನ ಕಡೆಯಿಂದ ನಿಧಾನ ತಿರುಗಿಸಿ. ಕಾಗದ ಚಕ್ಕನೆ ತುಂಡಾಗಿ ಬೀಳಬೇಕು. ಮಡಚಿಕೊಂಡು ಒಳಗೆ ಹೋದರೆ ಸಂದು ಹೆಚ್ಚಾಗಿದೆ. ಎಡತುದಿ, ನಡು, ಬಲತುದಿ ಮೂರೂ ಕಡೆ, ರೀಲಿನ ಪ್ರತಿ ಬ್ಲೇಡಿಗೂ ನೋಡಬೇಕು. ಎರಡೂ ತುದಿಯ ಹೊಂದಾಣಿಕೆ ಬೋಲ್ಟನ್ನು ಕಾಲು ಸುತ್ತಿಗಿಂತ ಕಡಿಮೆ, ಒಂದಾದ ಮೇಲೊಂದು ಬಿಗಿಸುತ್ತ ಬನ್ನಿ. ಕೈಯಲ್ಲಿ ತಿರುಗಿಸಿದಾಗ ರೀಲ್ ಹಗುರಾಗಿ ತಿರುಗಬೇಕು, ಕಿವಿಗೊಟ್ಟರೆ ಸಣ್ಣ ಸರಸರ ಸದ್ದು ಮಾತ್ರ ಬರಬೇಕು. ಹೆಚ್ಚು ಬಿಗಿದರೆ ಚೆನ್ನಾಗಿ ಕತ್ತರಿಸುತ್ತದೆ ಎಂಬುದು ತಪ್ಪು ತಿಳಿವಳಿಕೆ. ಲೋಹ ಉಜ್ಜಿ ಬಿಸಿಯಾಗಿ, ಕೆಳಬ್ಲೇಡ್ ಅಲೆಅಲೆಯಾಗಿ ಸವೆಯುತ್ತದೆ.

ಎತ್ತರ: ಘಟಕದ ಮುಂದಿನ ಮತ್ತು ಹಿಂದಿನ ಉರುಳೆಗಳ ತಳಕ್ಕೆ ಕಬ್ಬಿಣದ ಪಟ್ಟಿ ಆನಿಸಿ, ಅಲ್ಲಿಂದ ಕೆಳಬ್ಲೇಡಿನ ಅಂಚಿನವರೆಗೆ ಸ್ಕೇಲ್ ಹಿಡಿಯಿರಿ. ಬಂದ ಅಳತೆಯೇ ಕಟಾವಿನ ಎತ್ತರ. ಉರುಳೆಯ ಬದಲು ಚಕ್ರದ ಮೇಲೇ ನಿಲ್ಲುವ ಘಟಕವಾದರೆ ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ನೆಲದಿಂದ ಅಳೆಯಿರಿ. ಎಲ್ಲ ಘಟಕಗಳಲ್ಲೂ, ಪ್ರತಿ ಘಟಕದ ಎರಡೂ ತುದಿಯಲ್ಲೂ ಒಂದೇ ಅಳತೆ ಬರಬೇಕು. 2 ಮಿ.ಮೀ. ವ್ಯತ್ಯಾಸವೂ ಸಂಜೆಯ ಓರೆ ಬಿಸಿಲಿಗೆ ಮೆಟ್ಟಿಲಿನಂತೆ ಎದ್ದು ಕಾಣುತ್ತದೆ.

ರೋಟರಿಗೆ: ಮೊದಲು ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಕ್ಯಾಪ್ ಕೀಳಿ. ಬ್ಲೇಡ್ ಬಿಚ್ಚಿ ಮೂಲ ಕೋನ ಬದಲಾಗದಂತೆ ಅರದಿಂದ ಹರಿತ ಮಾಡಿ, ನಡುವಿನ ತೂತಿಗೆ ಗೋಡೆಯ ಮೊಳೆ ಸಿಕ್ಕಿಸಿ ತೂಗುಹಾಕಿ. ಒಂದು ಕಡೆ ವಾಲಿದರೆ ಭಾರದ ತುದಿಯ ಹಿಂಬದಿಯನ್ನು ಇನ್ನಷ್ಟು ಉಜ್ಜಿ. ತೂಕ ತಪ್ಪಿದ ಬ್ಲೇಡ್ ಸ್ಪಿಂಡಲ್ ಬೇರಿಂಗನ್ನು ತಿನ್ನುತ್ತದೆ. ಸ್ಪಿಂಡಲ್ ಎಂದರೆ ಬ್ಲೇಡ್ ಕೂರುವ ನಿಲುವು ಶಾಫ್ಟ್. ಡೆಕ್‌ನ ಎಡ-ಬಲ 3 ಮಿ.ಮೀ. ಒಳಗೆ ಸಮ ಇರಲಿ, ಬ್ಲೇಡಿನ ಮುಂತುದಿ ಹಿಂತುದಿಗಿಂತ 3-6 ಮಿ.ಮೀ. ತಗ್ಗಿರಲಿ. ಎಳೆಯುವ ಡೆಕ್‌ನಲ್ಲಿ ಈ ಬಾಗು ಕೊಂಡಿಯ ಎತ್ತರಕ್ಕೆ ತಕ್ಕಂತೆ ಬದಲಾಗುತ್ತದೆ. ಜೀಪಿಗೆ ಹೊಂದಿಸಿದ್ದನ್ನು ಟ್ರ್ಯಾಕ್ಟರ್‌ಗೆ ಕಟ್ಟಿದರೆ ಮತ್ತೆ ಅಳೆಯಲೇಬೇಕು. ಬಹಳ ಜನ ಎಡವುವುದು ಇಲ್ಲೇ.

ಹಂತ 5: ಎಳೆಯುವುದು

ಮೊದಲು ಅಂಚಿನ ಸುತ್ತ ಎರಡು-ಮೂರು ಸುತ್ತು ಹಾಕಿ. ಇದು ತಿರುಗಿಸಿಕೊಳ್ಳಲು ಜಾಗ. ಆಮೇಲೆ ದೂರದ ಒಂದು ಕಂಬ ಅಥವಾ ಮರಕ್ಕೆ ಕಣ್ಣಿಟ್ಟು ಮೊದಲ ಪಟ್ಟೆಯನ್ನು ನೇರ ಎಳೆಯಿರಿ. ಮೊದಲ ಪಟ್ಟೆ ಸೊಟ್ಟವಾದರೆ ಕೊನೆಯದೂ ಸೊಟ್ಟವೇ. ಪ್ರತಿ ಪಟ್ಟೆ ಹಿಂದಿನದರ ಮೇಲೆ 10-15 ಸೆಂ.ಮೀ. ಬರಲಿ.

ಪಕ್ಕದ ಪಟ್ಟೆಗೇ ತಿರುಗಬೇಡಿ. ಮೂರು-ನಾಲ್ಕು ಪಟ್ಟೆ ಆಚೆ ಹೋಗಿ ವಾಪಸ್ ಬನ್ನಿ, ನಡುವೆ ಉಳಿದದ್ದನ್ನು ಆಮೇಲೆ ಮುಗಿಸಿ. ತಿರುವು ಅಗಲವಾಗುತ್ತದೆ. ಬಿಗಿ ತಿರುವಿನಲ್ಲಿ ಒಳಬದಿಯ ಘಟಕ ನಿಂತೇಬಿಡುತ್ತದೆ ಅಥವಾ ಹಿಂದಕ್ಕೆ ಉರುಳುತ್ತದೆ. ಆಗ ರೀಲ್ ತಿರುಗುವುದಿಲ್ಲ, ಚಕ್ರ ಹುಲ್ಲನ್ನು ಕೆರೆಯುತ್ತದೆ.

ವೇಗ ಗ್ಯಾಂಗ್‌ಗೆ ಗಂಟೆಗೆ 6ರಿಂದ 9 ಕಿ.ಮೀ., ರೋಟರಿಗೆ 4ರಿಂದ 6. ಮಿನಿ ಟ್ರ್ಯಾಕ್ಟರ್‌ನ ಸ್ಪೀಡೋಮೀಟರ್ ನೆಚ್ಚಿಕೊಳ್ಳಬೇಡಿ. ಪಿಚ್‌ನ ಸ್ಟಂಪಿನಿಂದ ಸ್ಟಂಪಿಗೆ 22 ಗಜ, ಅಂದರೆ 20.12 ಮೀ. ಅಷ್ಟೇ ದೂರವನ್ನು ಮೈದಾನದ ಅಂಚಿನಲ್ಲಿ ಗುರುತು ಮಾಡಿ, ಅದನ್ನು 9 ಸೆಕೆಂಡಿನಲ್ಲಿ ದಾಟಿದರೆ ನಿಮ್ಮದು 8 ಕಿ.ಮೀ. ವೇಗ. ಹದಿನಾಲ್ಕೂವರೆ ಸೆಕೆಂಡ್ ಹಿಡಿದರೆ 5. ಯಾವ ಗೇರಿನಲ್ಲಿ ಎಷ್ಟು ಆರ್‌ಪಿಎಂಗೆ ಇದು ಬಂತು ಎಂದು ಮಡ್‌ಗಾರ್ಡ್ ಮೇಲೆ ಬರೆದಿಟ್ಟರೆ ಡ್ರೈವರ್ ಬದಲಾದರೂ ಕೆಲಸ ಕೆಡುವುದಿಲ್ಲ.

ಚಕ್ರದಿಂದ ಓಡುವ ಗ್ಯಾಂಗಿನಲ್ಲಿ ಟ್ರ್ಯಾಕ್ಟರ್ ಜೋರಾದಂತೆ ರೀಲೂ ಅದೇ ಲೆಕ್ಕದಲ್ಲಿ ಜೋರಾಗುತ್ತದೆ. ಹಾಗಾಗಿ ಜೋರು ಹೋದರೆ ಒಂದು ಮೀಟರ್‌ಗೆ ಬೀಳುವ ಕತ್ತರಿಗಳ ಲೆಕ್ಕ ತಪ್ಪುವುದಿಲ್ಲ, ಆದರೆ ಘಟಕ ಕುಪ್ಪಳಿಸಿ ಎತ್ತರ ತಪ್ಪುತ್ತದೆ. ರೋಟರಿಯಲ್ಲಿ ಬೇರೆ ಕಥೆ. ಬ್ಲೇಡಿನ ವೇಗ ಎಂಜಿನ್ನಿನದು, ಟ್ರ್ಯಾಕ್ಟರ್‌ಗೆ ಸಂಬಂಧವಿಲ್ಲ. ಹುಲ್ಲು ದಟ್ಟವಾದಲ್ಲಿ ಟ್ರ್ಯಾಕ್ಟರ್ ನಿಧಾನಿಸಿ, ಮೊವರ್ ಎಂಜಿನ್ ಮಾತ್ರ ಪೂರ್ತಿ ವೇಗದಲ್ಲೇ ಇರಲಿ. ರೋಟರಿಯ ಕೊಂಡಿಯನ್ನು ಒಂದು ಪಕ್ಕಕ್ಕೆ ಸರಿಸಲು ಬಂದರೆ ಹಾಗೇ ಕಟ್ಟಿ. ಟ್ರ್ಯಾಕ್ಟರ್ ಟೈರ್ ಕತ್ತರಿಸಿದ ಜಾಗದಲ್ಲಿ ಓಡುತ್ತದೆ, ಡೆಕ್ ಪಕ್ಕದ ಹೊಸ ಹುಲ್ಲಿನ ಮೇಲೆ ಬರುತ್ತದೆ.

ಗ್ಯಾಂಗ್ ಕಟ್ಟಿಕೊಂಡು ರಿವರ್ಸ್ ಹೋಗಬೇಡಿ, ಕೊಂಡಿಗಳು ಮಡಚಿಕೊಂಡು ಚೌಕಟ್ಟು ಬಗ್ಗುತ್ತದೆ. ಸಿಮೆಂಟ್ ದಾರಿ, ಜಲ್ಲಿ ದಾಟುವಾಗ ರೀಲಿನ ಕ್ಲಚ್ ಬಿಡಿಸಿ. ಪ್ರತಿ ಸಲ ದಿಕ್ಕು ಬದಲಿಸಿ: ಈ ಸಲ ಉತ್ತರ-ದಕ್ಷಿಣವಾದರೆ ಮುಂದಿನ ಸಲ ಪೂರ್ವ-ಪಶ್ಚಿಮ, ಅದರ ಮುಂದಿನದು ಮೂಲೆಯಿಂದ ಮೂಲೆಗೆ. ಒಂದೇ ದಾರಿಯಲ್ಲಿ ಓಡಿಸಿದರೆ ಹುಲ್ಲು ಒಂದೇ ಕಡೆ ಮಲಗುತ್ತದೆ, ಚಕ್ರದ ಜಾಡು ಬೀಳುತ್ತದೆ.

ಇಳಿಜಾರು: ಒಂದು ಮೀಟರ್ ಪಟ್ಟಿಯ ಒಂದು ತುದಿಯನ್ನು ಇಳಿಜಾರಿನ ಮೇಲ್ಗಡೆ ನೆಲಕ್ಕೆ ಊರಿ, ಪಟ್ಟಿಯನ್ನು ಮಟ್ಟವಾಗಿ ಹಿಡಿದು, ಇಳಿಜಾರಿನ ಕೆಳಗಡೆಯ ತುದಿಯಿಂದ ನೆಲಕ್ಕೆ ಅಳೆಯಿರಿ. 17 ಸೆಂ.ಮೀ. ದಾಟಿದರೆ ಇಳಿಜಾರು ಸುಮಾರು 10 ಡಿಗ್ರಿ ಆಯಿತು. ಅಲ್ಲಿ ಎಳೆಯುವ ಮೊವರ್ ಬೇಡ, ಬ್ರಷ್ ಕಟರ್ ತನ್ನಿ. ಇಳಿಯುವಾಗ ಹಿಂದಿನ ಭಾರ ಟ್ರ್ಯಾಕ್ಟರನ್ನು ತಳ್ಳುತ್ತದೆ. ಗೇರಿನಲ್ಲೇ ಇಳಿಯಿರಿ, ಕ್ಲಚ್ ಒತ್ತಬೇಡಿ.

ರೋಟರಿ ಬ್ಲೇಡಿನ ತುದಿಯ ವೇಗ ಗಂಟೆಗೆ 300 ಕಿ.ಮೀ. ದಾಟುತ್ತದೆ. ಅದರ ಬಾಯಿಂದ ಹಾರಿದ ಕಲ್ಲು ಮನುಷ್ಯನಿಗೆ ಬಡಿದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. 30 ಮೀ. ಒಳಗೆ ಯಾರೂ ಇರಬಾರದು. ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸಲೇಬೇಡಿ. ಹಿಂದಿನ ಎಂಜಿನ್ ನಿಲ್ಲಿಸುವ ಸ್ವಿಚ್ ಡ್ರೈವರ್ ಕೈಗೆ ಸಿಗುವಂತಿರಬೇಕು. ಇಲ್ಲದಿದ್ದರೆ ವೈರ್ ಎಳೆದು ಹಾಕಿಸಿಕೊಂಡ ಮೇಲೆಯೇ ಓಡಿಸಿ.

ಹಂತ 6: ಕೆಲಸ ಮುಗಿದ ಮೇಲೆ

ಮೂರನೇ ಒಂದರ ನಿಯಮ ಪಾಲಿಸಿದ್ದರೆ ಕತ್ತರಿಸಿದ ಹುಲ್ಲನ್ನು ಬಾಚಬೇಕಿಲ್ಲ. ಅಲ್ಲೇ ಕೊಳೆತು ಸಾರಜನಕ ಮಣ್ಣಿಗೆ ವಾಪಸಾಗುತ್ತದೆ. ಗುಡ್ಡೆಗುಡ್ಡೆಯಾಗಿ ಬಿದ್ದಿದ್ದರೆ ಮಾತ್ರ ಚದುರಿಸಿ. ಯಂತ್ರವನ್ನು ಬ್ರಷ್‌ನಿಂದ ಒರೆಸಿ. ವಾಟರ್ ಸರ್ವಿಸ್‌ನ ಜೋರು ನೀರನ್ನು ಬೇರಿಂಗ್ ಕಡೆ ಬಿಡಬೇಡಿ. ತೊಳೆದದ್ದೇ ಆದರೆ ಹೊಸ ಗ್ರೀಸ್ ಹೊರಗೆ ಇಣುಕುವವರೆಗೆ ಪ್ರತಿ ಗ್ರೀಸ್ ನಿಪ್ಪಲ್‌ಗೂ ಗನ್ ಹೊಡೆಯಿರಿ.

ಕಟಾವು ನೋಡಿ ಕಾಯಿಲೆ ಹಿಡಿಯುವುದು

ಹುಲ್ಲಿನ ತುದಿ ಎರಡು ದಿನಕ್ಕೆ ಬೆಳ್ಳಗೆ, ಆಮೇಲೆ ಕಂದಾಯಿತೇ? ಬ್ಲೇಡ್ ಮೊಂಡು, ಹುಲ್ಲನ್ನು ಕತ್ತರಿಸದೆ ಹರಿದಿದೆ.

ಪಟ್ಟೆಯ ಉದ್ದಕ್ಕೂ ಒಂದು ತೆಳು ಗೆರೆ ಹುಲ್ಲು ಉಳಿದಿದ್ದರೆ ಆ ಘಟಕದ ಬ್ಲೇಡಿಗೆ ಕಲ್ಲು ಬಡಿದು ಕಚ್ಚು ಬಿದ್ದಿದೆ. ಎರಡು ಘಟಕಗಳ ನಡುವೆಯೇ ಗೆರೆ ಉಳಿಯುತ್ತಿದ್ದರೆ ಚೌಕಟ್ಟು ಬಗ್ಗಿದೆ, ಅಥವಾ ತಿರುವು ಬಿಗಿಯಾಗಿದೆ.

ಅಡ್ಡಡ್ಡ ಅಲೆ ಕಂಡರೆ ಮೊದಲು ವೇಗ ತಗ್ಗಿಸಿ ನೋಡಿ. ಹೋಗದಿದ್ದರೆ ನಿಮ್ಮ ರೀಲಿನಲ್ಲಿ ಬ್ಲೇಡುಗಳ ಸಂಖ್ಯೆ ಆ ಎತ್ತರಕ್ಕೆ ಸಾಲದು. ಆರು ಬ್ಲೇಡಿನ ರೀಲನ್ನು 12 ಮಿ.ಮೀ.ಗೆ ಇಳಿಸಿದಾಗ ಹೀಗಾಗುವುದು ಸಹಜ. ಎತ್ತರ ಏರಿಸುವುದೇ ಪರಿಹಾರ.

ರೋಟರಿಯಲ್ಲಿ ಒಂದು ಬದಿ ಮಾತ್ರ ಉದ್ದ ಉಳಿದರೆ ಡೆಕ್ ನೋಡುವ ಮೊದಲು ಟೈರ್ ಗಾಳಿ ನೋಡಿ. ಹೆಚ್ಚಿನ ಸಲ ಅದೇ. ಸುಟ್ಟ ರಬ್ಬರ್ ವಾಸನೆ ಬಂದರೆ ಬೆಲ್ಟ್ ಜಾರುತ್ತಿದೆ. ಬಿಗಿ ಮಾಡುವ ಮೊದಲು ಡೆಕ್ ತಳದಲ್ಲಿ ಒಣಗಿ ಅಂಟಿದ ಹುಲ್ಲನ್ನು ಕೆರೆದು ತೆಗೆಯಿರಿ.

ಕಾಗದ ಪರೀಕ್ಷೆಯಲ್ಲಿ ಎಷ್ಟು ಹೊಂದಿಸಿದರೂ ತುಂಡಾಗದಿದ್ದರೆ ರೀಲಿಗೆ ಲ್ಯಾಪಿಂಗ್ ಮಾಡಬೇಕು. ಅಂದರೆ 80 ಗ್ರಿಟ್ (ಕಣದ ದಪ್ಪದ ಅಳತೆ) ಲ್ಯಾಪಿಂಗ್ ಪೇಸ್ಟನ್ನು, ಅಂದರೆ ಲೋಹ ಉಜ್ಜುವ ಒರಟು ಪೇಸ್ಟನ್ನು, ಉದ್ದ ಹಿಡಿಯ ಬ್ರಷ್‌ನಿಂದ ಹಚ್ಚುತ್ತ ರೀಲನ್ನು ಹಿಮ್ಮುಖವಾಗಿ ತಿರುಗಿಸುವುದು. ಉಜ್ಜುವ ಸದ್ದು ತಗ್ಗಿದಾಗ ನಿಲ್ಲಿಸಿ, ಪೇಸ್ಟನ್ನು ಒಂದಿಷ್ಟೂ ಉಳಿಯದಂತೆ ತೊಳೆಯಿರಿ. ಉಳಿದರೆ ಮೈದಾನದಲ್ಲೂ ಉಜ್ಜುತ್ತಲೇ ಇರುತ್ತದೆ. ತೊಳೆದ ಮೇಲೆ ಮತ್ತೆ ಕಾಗದ ಹಿಡಿದು ಹೊಂದಿಸಿ. ಆಳವಾದ ಕಚ್ಚು ಬಿದ್ದಿದ್ದರೆ, ಅಥವಾ ರೀಲ್ ಒಂದು ತುದಿಯಲ್ಲಿ ಹೆಚ್ಚು ಸವೆದಿದ್ದರೆ ಇದರಿಂದ ಆಗದು, ರೀಲ್ ಗ್ರೈಂಡಿಂಗ್ ಮಷೀನ್ ಇರುವ ಕಡೆಗೇ ಒಯ್ಯಬೇಕು.

ತಿಂಗಳುಗಟ್ಟಲೆ ನಿಲ್ಲಿಸುವುದಾದರೆ

ರೀಲ್ ಮತ್ತು ಕೆಳಬ್ಲೇಡಿನ ನಡುವಿನ ಸಂದು ಸಡಿಲಿಸಿ ಎಣ್ಣೆ ಹಚ್ಚಿ. ಮುಟ್ಟಿಕೊಂಡೇ ಬಿಟ್ಟರೆ ಅದೇ ಗೆರೆಯಲ್ಲಿ ತುಕ್ಕು ಹಿಡಿಯುತ್ತದೆ. ಗಾಳಿ ತುಂಬಿದ ಟೈರಿನ ಚಕ್ರಗಳ ಮೇಲೆ ಭಾರ ಬೀಳದಂತೆ ಚೌಕಟ್ಟಿಗೆ ಮರದ ತುಂಡು ಕೊಡಿ. ರೋಟರಿಯ ಟ್ಯಾಂಕಿನಿಂದ ಪೆಟ್ರೋಲ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಈಗಿನ ಎಥೆನಾಲ್ ಬೆರೆಸಿದ ಪೆಟ್ರೋಲ್ ತೇವ ಹೀರಿಕೊಂಡು ಕಾರ್ಬುರೇಟರ್‌ನಲ್ಲಿ ಅಂಟು ಕಟ್ಟುತ್ತದೆ, ಮುಂದಿನ ಜೂನ್‌ನಲ್ಲಿ ಹಗ್ಗ ಎಷ್ಟು ಎಳೆದರೂ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ.